ಮಹಾವಿಷ್ಣು ಅಂದ ಮಾತ್ರಕ್ಕೆ ಭಜನೆಯೇ?

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಬಡಾವಣೆಯ ಸಭಾಂಗಣದಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ತಂಡದ ಕಥೆ ಹೇಳಿ ಅದರ ಸಂಗೀತ ಹಾಕಿ ಕೇಳಿಸುವ ಕಾರ್ಯಕ್ರಮ ಅರ್ಧಕ್ಕೇ ನಿಂತುಹೋಯಿತು, ಅದಕ್ಕೆ ನೀವು 'ಭಜನೆಗೆ ಅಡ್ಡಿ' ಅಂತ ತಲೆಬರಹ ಕೊಟ್ಟಿದ್ದೀರಿ. ಸ್ವಾಮಿ, ಅದು 1971ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಜಾಜ್-ರಾಕ್ ತಂಡ. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್‌ಗೆ ಗುರು ಶ್ರೀ ಚಿನ್ಮಯ್ ಇಟ್ಟ ಹೆಸರು ಮಹಾವಿಷ್ಣು, ಅಷ್ಟೇ. ಮೊದಲ ಐದು ಜನರಲ್ಲಿ ಹಾಡೋರೇ ಇರಲಿಲ್ಲ, ಇನ್ನು ಭಜನೆ ಎಲ್ಲಿಂದ ಬಂತು?

ಸಭಾಂಗಣಕ್ಕೆ ಕೊಟ್ಟ ಅರ್ಜಿಯಲ್ಲಿ ಈ ಹೆಸರು ನೋಡಿ ಕಚೇರಿಯ ಗುಮಾಸ್ತರು ತಾವೇ 'ಧಾರ್ಮಿಕ' ಅಂತ ಬರೆದುಕೊಂಡರಂತೆ. ಆಮೇಲೆ ಆ ತಂಡದ ಬಿಲ್ಲಿ ಕಾಬಮ್‌ನ ಡ್ರಮ್ಸ್ ಕಿವಿಗೆ ಬಿದ್ದದ್ದೇ ಅದೇ ಕಚೇರಿಯ ಸಾಹೇಬರು ಓಡಿ ಬಂದರು. ಅವರಿಗೆ ಭಜನೆ ಅಲ್ಲ ಅಂತ ಸಿಟ್ಟು, ನಿಮಗೆ ಭಜನೆ ನಿಂತಿತು ಅಂತ ದುಃಖ.

ನಾನು ಅಣ್ಣನ ಮೊಮ್ಮಗನ ನಾಮಕರಣದಲ್ಲಿ ಒಬ್ಬಟ್ಟು ಬಡಿಸೋ ಹೊತ್ತಿಗೆ ಎದ್ದು ಬಂದವನು. ನಾಲ್ಕೂವರೆ ಅಂದವರು ಆರಕ್ಕೆ ಶುರು ಮಾಡಿದರು, ಅದೂ ಇರಲಿ. ಆ ತಂಡದ ಕಥೆ ಹೇಳುತ್ತಾ ಅವರ 'ಬರ್ಡ್ಸ್ ಆಫ್ ಫೈರ್' ಅನ್ನೋ ರಚನೆ ಹಾಕಿದರು. 18 ಎಣಿಕೆಯ ಸುತ್ತು. ಪಕ್ಕದಲ್ಲಿ ಮೃದಂಗ ಕಲಿಯೋ ಹುಡುಗ ತೊಡೆ ಮೇಲೆ ತಾಳ ಹಾಕಿ ಎರಡು ಸಲ ತಪ್ಪಿದ. ಮೂರನೇ ಸಲ ಸರಿಯಾಗಿ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬರುವಷ್ಟರಲ್ಲಿ ಸಾಹೇಬರು ಮೇನ್ ಸ್ವಿಚ್ಚೇ ಆಫ್ ಮಾಡಿಸಿದರು! ಕತ್ತಲಲ್ಲಿ ನನ್ನ ಒಂದು ಚಪ್ಪಲಿ ಹೋಯಿತು. ಕಥೆ ಇನ್ನೂ 1973ರಲ್ಲೇ ಇತ್ತು. ಆ ತಂಡ ಜಗಳ ಆಡಿ ಒಡೆಯುವ ಮೊದಲೇ ಇವರು ನಮ್ಮ ಸಭೆ ಒಡೆದರು.

ನಮಗೆ ಬೇಕಾದದ್ದು ಮುಂದಿನ ಭಾಗ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆಗಿನ 1974ರ 'ಅಪೊಕ್ಯಾಲಿಪ್ಸ್' ಆಲ್ಬಂ, ಆಮೇಲೆ ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಸೇರಿದ ಮೆಕ್‌ಲಾಫ್ಲಿನ್‌ರ ಇನ್ನೊಂದು ತಂಡ 'ಶಕ್ತಿ'. 2023ರ ಜನವರಿಯಲ್ಲಿ ಶಕ್ತಿ ಬೆಂಗಳೂರಿಗೆ ಬಂದಾಗ ಮಂಡಿ ನೋವಿನಿಂದ ಹೋಗಲಾಗಲಿಲ್ಲ. ಜಾಕಿರ್ ಇನ್ನು ಸಿಗ್ತಾರಾ?

ಗಣಪತಿ ಹಬ್ಬದಲ್ಲಿ ರಾತ್ರಿ ಒಂದರವರೆಗೆ ಸಿನಿಮಾ ಹಾಡು ಅರಚುವಾಗ ಈ ಸಾಹೇಬರ ಕಿವಿ ಎಲ್ಲಿರುತ್ತೋ. ನನ್ನ ಮಂಡಿ ಮುರಿದದ್ದೂ ಇವರದೇ ಚರಂಡಿಯಲ್ಲಿ. ಚಪ್ಪಡಿ ಹಾಕ್ತೀವಿ ಅಂದು ಮೂರು ವರ್ಷ ಆಯಿತು. ನಾಲ್ಕು ಅರ್ಜಿ ಕೊಟ್ಟೆ. ಅವನ್ನೂ ಧಾರ್ಮಿಕ ಅಂತಲೇ ಬರೆದುಕೊಂಡರೋ ಏನೋ, ದೇವರಿಗೇ ಬಿಟ್ಟಿದ್ದಾರೆ.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಚಪ್ಪಡಿಯನ್ನೂ ಹಾಕಬೇಕು. ನಿಮ್ಮ ವರದಿಗಾರರು ಇನ್ನೊಮ್ಮೆ ಬರೆಯುವ ಮುಂಚೆ ಹತ್ತು ನಿಮಿಷ ಬಂದು ಕೂತು ಕೇಳಲಿ. ಚಪ್ಪಲಿ ಮಾತ್ರ ಕೈಯಲ್ಲೇ ಹಿಡಿದುಕೊಂಡು ಕೂರಲಿ.

- ಒಬ್ಬ ಹಳೇ ಓದುಗ, ಬೆಂಗಳೂರು