ಚೀಲಕ್ಕಿಂತ ಮೊದಲು ಟ್ಯೂಬು ನೋಡಿ

ಮಾನ್ಯರೇ,

ರಕ್ತ ಕೊಡಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಆಗಿದೆಯೇ ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ರೋಗಿಯಿಂದ ತೆಗೆದ ಮಾದರಿಯ ಟ್ಯೂಬಿಗೆ ಹೆಸರಿನ ಲೇಬಲ್ಲನ್ನು ಎಲ್ಲಿ ನಿಂತು ಅಂಟಿಸಿದರು ಎಂದು ಯಾರೂ ಕೇಳುವುದಿಲ್ಲ. ಗುಂಪು ತಪ್ಪಿದ ರಕ್ತ ಏರಿ ಜೀವಕ್ಕೆ ಕುತ್ತು ಬರುವ ಅವಘಡಗಳಲ್ಲಿ ಬಹುಪಾಲು ರೋಗಿಯನ್ನು ಸರಿಯಾಗಿ ಗುರುತಿಸದೆ ಆಗುವಂಥವು.

ಕ್ರಾಸ್‌ಮ್ಯಾಚ್ ಮಾಡಿದರೆ ತಪ್ಪು ಸಿಕ್ಕಿಬೀಳುತ್ತದೆ ಎಂಬ ನಂಬಿಕೆ ವಾರ್ಡುಗಳಲ್ಲಿದೆ. ಅದು ಸರಿಯಲ್ಲ. ಟ್ಯೂಬಿನಲ್ಲಿರುವ ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ದಾನಿಯ ಕೆಂಪು ಕಣಗಳೊಂದಿಗೆ ಬೆರೆಸಿ, ಕಣಗಳು ಅಂಟಿಕೊಳ್ಳುತ್ತವೆಯೇ ಎಂದು ನೋಡುವುದಷ್ಟೇ ಆ ಪರೀಕ್ಷೆಯ ಕೆಲಸ. ಬಿ ಗುಂಪಿನ ರೋಗಿಯ ಹೆಸರು ಹೊತ್ತ ಟ್ಯೂಬಿನಲ್ಲಿ ಪಕ್ಕದ ಹಾಸಿಗೆಯ ಎ ಗುಂಪಿನವರ ರಕ್ತವಿದ್ದರೆ, ರಕ್ತನಿಧಿಯವರು ಎ ರಕ್ತವನ್ನೇ ಆರಿಸಿ, ಹೊಂದುತ್ತದೆ ಎಂದು ಬರೆದು ಕಳಿಸುತ್ತಾರೆ. ಹಿಂದಿನ ದಾಖಲೆ ಇಲ್ಲದಿದ್ದರೆ ಅವರಿಗೆ ಅನುಮಾನ ಬರುವುದಾದರೂ ಹೇಗೆ?

ಬೆಳಗಿನ ಗಡಿಬಿಡಿಯಲ್ಲಿ ನಾಲ್ಕೈದು ಟ್ಯೂಬುಗಳಿಗೆ ಮೊದಲೇ ಲೇಬಲ್ ಅಂಟಿಸಿ ಟ್ರೇಯಲ್ಲಿ ಇಟ್ಟುಕೊಂಡು ಹೊರಡುವುದು, ಇಲ್ಲವೇ ಸಿರಿಂಜಿನಲ್ಲಿ ರಕ್ತ ತೆಗೆದು ನರ್ಸ್‌ಗಳ ಮೇಜಿಗೆ ಬಂದ ಮೇಲೆ ಹೆಸರು ಬರೆಯುವುದು, ಇವೆರಡೇ ಅಭ್ಯಾಸ ಸಾಕು ಟ್ಯೂಬು ಅದಲುಬದಲಾಗಲು. ರಕ್ತ ತೆಗೆದವರೇ, ಹಾಸಿಗೆ ಬಿಟ್ಟು ಕದಲುವ ಮೊದಲೇ, ಮಣಿಕಟ್ಟಿನ ಪಟ್ಟಿ ನೋಡಿ ಹೆಸರು, ಆಸ್ಪತ್ರೆ ಸಂಖ್ಯೆ, ದಿನಾಂಕ, ಸಮಯ ಬರೆದು ಸಹಿ ಹಾಕಬೇಕು. 'ನೀವು ಲಕ್ಷ್ಮಮ್ಮನವರಾ?' ಎಂದು ಕೇಳಬಾರದು. ಕಿವಿ ಮಂದವಾದವರು, ಅರೆನಿದ್ದೆಯಲ್ಲಿರುವವರು ಯಾವ ಹೆಸರಿಗೂ ತಲೆಯಾಡಿಸುತ್ತಾರೆ. 'ನಿಮ್ಮ ಹೆಸರೇನು?' ಎಂದು ಕೇಳಿ ಅವರ ಬಾಯಿಂದಲೇ ಹೇಳಿಸಬೇಕು. ಗುಂಪಿನ ಹಳೆಯ ದಾಖಲೆ ಇಲ್ಲದವರಿಂದ ಬೇರೆ ಸಮಯದಲ್ಲಿ ಎರಡನೇ ಮಾದರಿ ತೆಗೆಯುವುದು ಒಳ್ಳೆಯದು. ಲೇಬಲ್ ತಪ್ಪಿದ ಟ್ಯೂಬನ್ನು ರಕ್ತನಿಧಿಯವರು ಹಿಂದಿರುಗಿಸಿದರೆ ಸಿಟ್ಟಾಗಬೇಡಿ, ತಿದ್ದಿ ಕಳಿಸಲೂಬೇಡಿ. ಹೊಸದಾಗಿಯೇ ತೆಗೆಯಿರಿ.

ಚೀಲ ವಾರ್ಡಿಗೆ ಬಂದ ಮೇಲಿನ ನಿಯಮಗಳು ಬಹುತೇಕರಿಗೆ ಗೊತ್ತು, ಆದರೂ ಮೀರುತ್ತಾರೆ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತಾರೆ. ಹೊರತೆಗೆದ 30 ನಿಮಿಷದೊಳಗೆ ಏರಿಸಲು ಶುರುಮಾಡಿ, 4 ಗಂಟೆಯೊಳಗೆ ಮುಗಿಸಬೇಕು. ತಡವಾಗುವುದಾದರೆ ರಕ್ತನಿಧಿಗೇ ಮರಳಿಸಿ. ಔಷಧಿ ಇಡುವ ಫ್ರಿಜ್ಜಿನಲ್ಲಿಟ್ಟು ರಕ್ತ ಮಂಜುಗಡ್ಡೆಯಂತಾದರೆ ಕಣಗಳು ಒಡೆಯುತ್ತವೆ, ಬಿಸಿನೀರಿನಲ್ಲಿ ಅದ್ದಿದರೂ ಒಡೆಯುತ್ತವೆ. ಅದೇ ನಳಿಕೆಯಲ್ಲಿ ನಾರ್ಮಲ್ ಸಲೈನ್ (ಉಪ್ಪಿನ ದ್ರಾವಣ) ಬಿಟ್ಟು ಬೇರೇನೂ ಹೋಗಬಾರದು: 5% ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಕಣಗಳನ್ನು ಒಡೆಯುತ್ತದೆ, ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು.

ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು, ರೋಗಿಯ ಬಳಿಯೇ ಇರಬೇಕು. ಹೊಂದದ ರಕ್ತ ಕೆಲವೇ ಮಿಲಿಲೀಟರ್ ಒಳಹೋದರೂ ಕಣಗಳು ನಾಳದೊಳಗೇ ಒಡೆದು, ರಕ್ತದೊತ್ತಡ ಕುಸಿದು, ಮೂತ್ರಪಿಂಡಕ್ಕೆ ಏಟು ಬೀಳಬಹುದು. ಚಳಿ, ಜ್ವರ, ಸೊಂಟನೋವು, ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಕೆಂಪು ಮೂತ್ರ ಇವುಗಳಲ್ಲಿ ಯಾವುದು ಕಂಡರೂ ರಕ್ತ ನಿಲ್ಲಿಸಿ. 'ಏನೋ ಆಗ್ತಿದೆ' ಎಂದು ರೋಗಿ ಕಂಗಾಲಾಗಿ ಹೇಳಿದರೆ ಅದನ್ನೂ ಲಕ್ಷಣವೆಂದೇ ತಿಳಿಯಿರಿ. ಅರಿವಳಿಕೆಯಲ್ಲಿ ಇರುವವರು ಅಷ್ಟನ್ನೂ ಹೇಳಲಾರರು. ಅವರಲ್ಲಿ ಒತ್ತಡದ ಕುಸಿತ, ನಿಲ್ಲದ ರಕ್ತಸ್ರಾವ ಮತ್ತು ಮೂತ್ರದ ಬಣ್ಣವೇ ಸುಳಿವು.

ನಿಲ್ಲಿಸಿದ ಮೇಲೆ ಹೊಸ ಸೆಟ್ಟಿನಲ್ಲಿ ಸಲೈನ್ ಹಾಕಿ, ಕೂಡಲೇ ವೈದ್ಯರನ್ನು ಕರೆಯಿರಿ. ಚೀಲವನ್ನು ಕಸಕ್ಕೆ ಎಸೆಯದೆ, ನಳಿಕೆಯ ಸಮೇತ, ಹೊಸ ಮಾದರಿಯ ಜೊತೆ ರಕ್ತನಿಧಿಗೆ ಕಳಿಸಿ. ಹೆಸರು ಅದಲುಬದಲಾದ ಅನುಮಾನವಿದ್ದರೆ ಆ ಕ್ಷಣವೇ ಫೋನ್ ಮಾಡಿ. ಒಂದು ಟ್ಯೂಬು ತಪ್ಪಿದ್ದರೆ ಅದರೊಂದಿಗೆ ಅದಲುಬದಲಾದ ಇನ್ನೊಬ್ಬರ ಟ್ಯೂಬೂ ತಪ್ಪಿರಬಹುದು. ಅದರ ಆಧಾರದ ಮೇಲೆ ಇನ್ನೊಬ್ಬ ರೋಗಿಗೆ ರಕ್ತದ ಚೀಲ ಆಗಲೇ ಹೊರಟಿರಬಹುದು.

– ರಕ್ತನಿಧಿ ತಂತ್ರಜ್ಞರು