ಎಂಟಿಯು: ಅಳೆಯದೆ ಇಳಿಸಬೇಡಿ

ಮಾನ್ಯರೇ,

ಇಂಟರ್ನೆಟ್ ನಿಧಾನವಾಯಿತೆಂದರೆ ಸಾಕು, ‘ರೌಟರ್‌ನಲ್ಲಿ ಎಂಟಿಯು 1400ಕ್ಕೆ ಇಳಿಸಿ, ವೇಗ ಹೆಚ್ಚುತ್ತದೆ’ ಎಂಬ ಸಲಹೆ ಬಂದೇ ಬರುತ್ತದೆ. ವೇಗ ಹೆಚ್ಚುವುದಿಲ್ಲ. ನೆಟ್‌ನಲ್ಲಿ ಡೇಟಾ ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ; ಎಂಟಿಯು ಎಂದರೆ ಅಂಥ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ, ಅಷ್ಟೆ. 1500 ಬೈಟ್‌ನ ಪ್ಯಾಕೆಟ್‌ನಲ್ಲಿ ವಿಳಾಸ ಮೊದಲಾದ ವಿವರವಿರುವ ಹೆಡರ್‌ಗೆ 40 ಬೈಟ್ ಹೋಗಿ ಶೇ 97.3ರಷ್ಟು ಡೇಟಾ ಉಳಿಯುತ್ತದೆ; 1400ರಲ್ಲಿ ಉಳಿಯುವುದು ಶೇ 97.1. ಅದೇ ಫೈಲಿಗೆ ಹೆಚ್ಚು ಪ್ಯಾಕೆಟ್ ಬೇಕಾಗಿ ರೌಟರ್‌ಗೆ ಕೆಲಸವೂ ಜಾಸ್ತಿ.

ಆದರೂ ಇಳಿಸಿದ ಮೇಲೆ ಕೆಲವರಿಗೆ ಸರಿಹೋದದ್ದು ಸುಳ್ಳಲ್ಲ. ಅವರಲ್ಲಿ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಕಾಣೆಯಾಗುತ್ತಿದ್ದವು. ಸಣ್ಣ ಸಂದೇಶ ಹೋಗುತ್ತದೆ, ಪಿಂಗ್‌ಗೆ (ಆಚೆಯ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಉತ್ತರವೂ ಬರುತ್ತದೆ, ಆದರೆ ಕೆಲವು ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ, ಫೋಟೊ ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ: ಇದು ಅದರ ಗುರುತು. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಒಇ ಸಂಪರ್ಕ ತನಗೆಂದು 8 ಬೈಟ್ ತೆಗೆದುಕೊಳ್ಳುವುದರಿಂದ ಅಲ್ಲಿ ಸಾಮಾನ್ಯವಾಗಿ ಸಿಗುವುದು 1492. ಅದಕ್ಕಿಂತ ದೊಡ್ಡದು ಬಂದರೆ ನಡುವಿನ ರೌಟರ್ ‘ಇದು ಹಿಡಿಸದು’ ಎಂದು ಐಸಿಎಂಪಿ (ದೋಷ ಮೊದಲಾದವನ್ನು ತಿಳಿಸುವ ಸಂದೇಶ ವ್ಯವಸ್ಥೆ) ಮೂಲಕ ತಿಳಿಸಬೇಕು. ಸುರಕ್ಷತೆಯ ಹೆಸರಲ್ಲಿ ಐಸಿಎಂಪಿಯನ್ನೇ ಪೂರ್ತಿ ತಡೆದುಬಿಟ್ಟರೆ ಕಳಿಸಿದವರಿಗೆ ಆ ಸುದ್ದಿ ಮುಟ್ಟುವುದಿಲ್ಲ.

ಅಳೆಯುವುದು ಕಷ್ಟವಲ್ಲ. ಮೊದಲು ರೌಟರ್‌ನ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಕಡೆಯ) ಸೆಟ್ಟಿಂಗ್‌ನಲ್ಲಿ ಎಂಟಿಯುವನ್ನು 1500ಕ್ಕೆ, ಪಿಪಿಪಿಒಇ ಆದರೆ 1492ಕ್ಕೆ ಏರಿಸಿ. ಹಳೆಯ 1400 ಅಲ್ಲೇ ಇದ್ದರೆ ನಿಮ್ಮ ಸೆಟ್ಟಿಂಗ್ಅನ್ನೇ ನೀವು ಅಳೆದಂತಾಗುತ್ತದೆ. ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಇದ್ದರೆ ಆಫ್ ಮಾಡಿ, ಕೇಬಲ್ ಹಾಕಿದ ಕಂಪ್ಯೂಟರಿನಿಂದ, ಸಾಮಾನ್ಯ ಪಿಂಗ್‌ಗೆ ಉತ್ತರಿಸುವ ಐಪಿವಿ4 (ನಾಲ್ಕು ಸಂಖ್ಯೆಗಳ) ವಿಳಾಸವೊಂದಕ್ಕೆ ಪಿಂಗ್ ಮಾಡಿ. ವಿಂಡೋಸ್‌ನಲ್ಲಾದರೆ ‘ತುಂಡರಿಸಬೇಡ’ ಎನ್ನುವ ಎಫ್ (-f) ಆಯ್ಕೆ, ಗಾತ್ರಕ್ಕೆ ಎಲ್ (-l) ಆಯ್ಕೆ. 1472ರಿಂದ ಶುರು ಮಾಡಿ, ಉತ್ತರ ಬರುವವರೆಗೆ ಇಳಿಸುತ್ತಾ ಹೋಗಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ ಪಿಂಗ್‌ನ ಹೆಡರ್‌ಗಳ 28 ಬೈಟ್ ಕೂಡಿಸಿದರೆ ಅದೇ ನಿಮ್ಮ ಎಂಟಿಯು: 1464 ಬಂದರೆ 1492. ಬಹಳ ಜನ ಎಡವುವುದು ಇಲ್ಲೇ. 28 ಕೂಡಿಸದೆ ಪಿಂಗ್ ಗಾತ್ರವನ್ನೇ ಬರೆದುಬಿಡುತ್ತಾರೆ.

ವಿಫಲವಾದಾಗ ಏನು ಕಾಣುತ್ತದೆಂದೂ ಗಮನಿಸಿ. ತುಂಡರಿಸಬೇಕಾಗಿದೆ ಎಂಬ ಸೂಚನೆ ಬಂದರೆ ದಾರಿ ಮಾತಾಡುತ್ತಿದೆ, ಅಂದರೆ ಐಸಿಎಂಪಿ ಸುದ್ದಿ ಮುಟ್ಟುತ್ತಿದೆ. ಏನೂ ಹೇಳದೆ ಟೈಮ್‌ಔಟ್ ಆದರೆ ರೌಟರ್‌ನಲ್ಲಿ ಎಂಎಸ್ಎಸ್ ಕ್ಲಾಂಪಿಂಗ್ (ಪ್ಯಾಕೆಟ್‌ನಲ್ಲಿ ಹೋಗುವ ಡೇಟಾ ಗಾತ್ರಕ್ಕೆ ಮಿತಿ ಹಾಕುವ ಆಯ್ಕೆ) ಆನ್ ಮಾಡಿ. ಸಂಖ್ಯೆ ಕೇಳಿದರೆ ಎಂಟಿಯುವಿನಿಂದ 40 ಕಳೆಯಿರಿ: 1492ಕ್ಕೆ 1452. ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗೆ ಕಳೆಯಬೇಕಾದ್ದು 60. ಇದು ಡೇಟಾ ತಲುಪಿತೇ ಎಂದು ಖಚಿತಪಡಿಸಿಕೊಳ್ಳುತ್ತಾ ಕಳಿಸುವ ಟಿಸಿಪಿ ವಿಧಾನಕ್ಕೆ ಮಾತ್ರ ಅನ್ವಯ. ಹಾಗೆ ಖಚಿತಪಡಿಸಿಕೊಳ್ಳದ ಯುಡಿಪಿ ಬಳಸುವ ಆಟ, ಕರೆಗಳಿಗೆ ಇದರಿಂದ ಪ್ರಯೋಜನವಿಲ್ಲ.

ಎಷ್ಟೇ ಇಳಿಸಿದರೂ 1280ಕ್ಕಿಂತ ಕೆಳಗೆ ಹೋಗಬೇಡಿ, ಐಪಿವಿ6 ಅದಕ್ಕಿಂತ ಕಡಿಮೆಯನ್ನು ಒಪ್ಪುವುದಿಲ್ಲ. ವಿಪಿಎನ್ ಹಾಕಿದಾಗ ಮಾತ್ರ ತೊಂದರೆ ಎನ್ನುವವರು ರೌಟರ್‌ನ ವ್ಯಾನ್ ಎಂಟಿಯು ಮುಟ್ಟಬೇಕಿಲ್ಲ, ವಿಪಿಎನ್‌ನ ಸೆಟ್ಟಿಂಗ್‌ನಲ್ಲೇ ಇಳಿಸಬೇಕು. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸಾಮಾನ್ಯ ಅಳತೆ 1420. ಪಿಪಿಪಿಒಇ ಮೇಲೆ ಓಡಿಸುವಾಗ 1412.

– ನೆಟ್‌ವರ್ಕ್ ತಂತ್ರಜ್ಞ