ಇಟಲಿಯಲ್ಲೂ ಅನ್ನ-ಸಾರನ್ನೇ ಹುಡುಕಬೇಕೆ?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಪ್ರವಾಸ ಲೇಖನದಲ್ಲಿ, ಇಟಲಿಯ ಆರು ನಗರಗಳನ್ನು ಎಂಟು ದಿನಗಳಲ್ಲಿ ನೋಡಿ ಮುಗಿಸುವ ಬಗೆಯನ್ನೂ, ಅಲ್ಲಿ ಸಸ್ಯಾಹಾರಿಗಳಿಗೆ ಊಟದ ಗತಿಯಿಲ್ಲವಾದ್ದರಿಂದ ಭಾರತೀಯ ಅಡುಗೆ ಒದಗಿಸುವ ತಂಡದೊಂದಿಗೇ ಹೋಗಬೇಕೆಂಬ ಸಲಹೆಯನ್ನೂ ಓದಿದೆ. ಮೊದಲನೆಯದು ಅವರವರ ಕಾಲಿನ ಶಕ್ತಿಗೆ ಬಿಟ್ಟದ್ದು. ಎರಡನೆಯದನ್ನು ಮಾತ್ರ ಒಪ್ಪಲಾರೆ. ಮಾಂಸ-ಮೀನು ಮುಟ್ಟದ ನಾನು ಕಳೆದ ಅಕ್ಟೋಬರ್‌ನಲ್ಲಿ ಒಬ್ಬಳೇ ಮೂರು ವಾರ ಬೊಲೋನ್ಯಾ, ಜಿನೋವಾ, ನೇಪಲ್ಸ್ ಈ ಮೂರೇ ಊರುಗಳಲ್ಲಿ ಇದ್ದು ಬಂದೆ. ಹಸಿದು ಕುಳಿತದ್ದು ಒಂದೇ ದಿನ. ಅದೂ ಮಧ್ಯಾಹ್ನ ಮುಚ್ಚಿದ ಅಡುಗೆಮನೆ ಸಂಜೆ ಏಳೂವರೆಯ ತನಕ ತೆರೆಯುವುದಿಲ್ಲವೆಂದು ತಿಳಿಯದೆ ನಾಲ್ಕು ಗಂಟೆಗೆ ಊಟಕ್ಕೆ ಹೊರಟ ನನ್ನದೇ ತಪ್ಪಿನಿಂದ.

ಬೊಲೋನ್ಯಾದಲ್ಲಿ ಹತ್ತು ದಿನ ಉಳಿದೆ. ಬೀದಿಯುದ್ದಕ್ಕೂ ಕಮಾನುಗಳ ಮೊಗಸಾಲೆ ಇರುವ ಊರದು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಮೊಗಸಾಲೆಗಳಿಂದಾಗಿ ಮಳೆಯಲ್ಲೂ ಕೊಡೆ ಬೇಕಾಗಲಿಲ್ಲ. ಸಾನ್ ಲೂಕಾ ಗುಡ್ಡದ ಇಗರ್ಜಿಗೆ ಹತ್ತುವ ದಾರಿಯೊಂದರಲ್ಲೇ 666 ಕಮಾನುಗಳಿವೆ. ಪೇಟೆಯ ಅಂಗಡಿಯೊಂದರ ಗಾಜಿನಾಚೆ, ಮಾರುದ್ದದ ಲಟ್ಟಣಿಗೆಯಿಂದ ಹಿರಿಯ ಹೆಂಗಸೊಬ್ಬರು ಹಾಳೆಯಷ್ಟು ತೆಳ್ಳಗೆ ಹಿಟ್ಟು ಲಟ್ಟಿಸಿ, ಚೌಕ ಕತ್ತರಿಸಿ, ಹೂರಣವಿಟ್ಟು ಬೆರಳಿಗೆ ಸುತ್ತಿ ಮಡಿಸುತ್ತಿದ್ದುದನ್ನು ನೋಡುತ್ತ ಅರ್ಧ ಗಂಟೆ ನಿಂತಿದ್ದೆ. ಹೀಗೆ ಮಡಿಸಿದ ಪಾಸ್ತಾದಲ್ಲಿ ಎರಡು ಬಗೆ. ಟೊರ್ಟೆಲ್ಲಿನಿ ಎಂದರೆ ಸಣ್ಣದು, ಒಳಗೆ ಹಂದಿಮಾಂಸ, ಬಡಿಸುವುದು ಮಾಂಸದ ಸಾರಿನಲ್ಲಿ. ಟೊರ್ಟೆಲ್ಲೋನಿ ಎಂದರೆ ದೊಡ್ಡದು, ಸಾಮಾನ್ಯವಾಗಿ ಒಳಗೆ ರಿಕೊಟ್ಟಾ ಎಂಬ ಗಿಣ್ಣು (ಚೀಸ್), ಮೇಲೆ ಬೆಣ್ಣೆ. ಒಂದಕ್ಷರ ತಪ್ಪಿ ಓದಿದರೆ ವ್ರತಭಂಗ!

ಇನ್ನೊಂದು ಎಚ್ಚರಿಕೆಯನ್ನೂ ಲೇಖಕರು ಹೇಳಬೇಕಿತ್ತು. ಪಾರ್ಮಿಜಾನೊ ಗಿಣ್ಣಿಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಇದು ನನಗೆ ತಿಳಿಯುವ ಹೊತ್ತಿಗೆ ಎರಡು ತಟ್ಟೆ ಖಾಲಿಯಾಗಿದ್ದವು. ಆ ಸೀಮೆಯ ತಾಜಾ ಪಾಸ್ತಾಕ್ಕೆ ಮೊಟ್ಟೆಯೂ ಬೀಳುತ್ತದೆ. ನನಗೆ ಮೊಟ್ಟೆ ನಿಷಿದ್ಧವಲ್ಲ, ನಿಷಿದ್ಧವಾದವರು ಬರೀ ಗೋಧಿರವೆ ಮತ್ತು ನೀರಿನಿಂದ ಮಾಡುವ ಒಣ ಪಾಸ್ತಾವನ್ನು ಕೇಳಬಹುದು.

ಜಿನೋವಾದಲ್ಲಿ ಈ ಚಿಂತೆಯೇ ಇರಲಿಲ್ಲ. ಫರಿನಾತಾ ಎಂಬ ಅಲ್ಲಿನ ತಿಂಡಿಗೆ ಬೇಕಾದದ್ದು ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಅಗಲವಾದ ತಾಮ್ರದ ಪರಾತದಲ್ಲಿ ತೆಳ್ಳಗೆ ಹೊಯ್ದು, ಕಟ್ಟಿಗೆಯ ಒಲೆಯಲ್ಲಿ ಅಂಚು ಗರಿಗರಿಯಾಗುವಂತೆ ಬೇಯಿಸಿ, ಕತ್ತರಿಸಿ ಕಾಗದದಲ್ಲಿ ಕೊಡುತ್ತಾರೆ. ನಮ್ಮ ಜುಣಕದ ವಡಿಯಿಂದ ಒಗ್ಗರಣೆಯನ್ನೂ ಖಾರವನ್ನೂ ತೆಗೆದರೆ ಹೇಗಿರಬಹುದೋ ಹೆಚ್ಚುಕಡಿಮೆ ಹಾಗೆಯೇ ಇತ್ತು. ನೇಪಲ್ಸ್‌ನಲ್ಲಿ ಗಿಣ್ಣೇ ಇಲ್ಲದ ಮರಿನಾರಾ ಪಿಜ್ಜಾ ಸಿಕ್ಕಿತು: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಒಲೆಯೊಳಗೆ ಹೋದದ್ದು ಒಂದೂವರೆ ನಿಮಿಷದೊಳಗೆ ತಟ್ಟೆಗೆ ಬಂತು.

ಒಂಟಿ ಹೆಂಗಸೆಂದು ಯಾರೂ ಹುಬ್ಬೇರಿಸಲಿಲ್ಲ. ಒಂದು ಬೆರಳು ತೋರಿಸಿದರೆ ಮೇಜು ತೋರಿಸುತ್ತಿದ್ದರು. ಬಿಲ್ಲಿನಲ್ಲಿ ತಲೆಗಿಷ್ಟೆಂದು ಸೇರಿಸುವ ‘ಕೊಪೆರ್ತೊ’ ಮೋಸವಲ್ಲ, ಮೆನುವಿನಲ್ಲಿ ಮೊದಲೇ ಬರೆದಿರುತ್ತದೆ. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಅಗ್ಗ, ಕುಳಿತರೆ ಹಲವೆಡೆ ತುಟ್ಟಿ. ನಮ್ಮವರಿಗೆ ನಿಂತು ಕುಡಿಯುವುದು ಹೊಸದೇನಲ್ಲ. ವೆನಿಸ್ ನಗರವಂತೂ 2024ರಿಂದ, ದಟ್ಟಣೆಯ ಆಯ್ದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೊರಡುವವರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿ ಇದೆ. ಆರು ನಗರಗಳ ಯೋಜನೆ ಹಾಕಿಕೊಡುವವರು ಇದನ್ನಾದರೂ ಗಮನಿಸಬೇಕಿತ್ತು.

ಮುಂದಿನ ಪುರವಣಿಯಲ್ಲಿ ಭಾರತೀಯ ಹೋಟೆಲುಗಳ ವಿಳಾಸದ ಬದಲು ‘ಸೆನ್ಜಾ ಕಾರ್ನೆ’, ಅಂದರೆ ಮಾಂಸವಿಲ್ಲದೆ, ‘ಸೆನ್ಜಾ ಬ್ರೋದೊ’, ಅಂದರೆ ಮಾಂಸದ ಸಾರಿಲ್ಲದೆ ಎಂಬಂಥ ನಾಲ್ಕಾರು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚುಹಾಕಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಧಾರವಾಡ